ಸುಗ್ಗಿ ಜಗ್‌ಗಳ ಬೆನ್ನು ಹತ್ತಿ

ಇಂಗ್ಲೆಂಡಿನ ಹಳೇ ಸ್ಲಿಪ್‌ವೇರ್ (ನೀರಾದ ಮಣ್ಣಿನ ಲೇಪ ಕೊಟ್ಟು ಅಲಂಕರಿಸಿದ ಮಣ್ಣಿನ ಪಾತ್ರೆ) ಅಂದರೆ ಬಲ್ಲವರ ಬಾಯಲ್ಲಿ ಮೊದಲು ಬರುವ ಹೆಸರು ಸ್ಟಾಫರ್ಡ್‌ಶೈರಿನ ಥಾಮಸ್ ಟಾಫ್ಟ್. 17ನೇ ಶತಮಾನದ ಆ ಕುಂಬಾರನ ಹೆಸರು ಹೊತ್ತ ದೊಡ್ಡ ತಟ್ಟೆಗಳು ಮ್ಯೂಸಿಯಂ ಸೇರಿವೆ. ಅಪರೂಪಕ್ಕೆ ಒಂದು ಹರಾಜಿಗೆ ಬಂದರೂ ಸಂಬಳದಲ್ಲಿ ಬದುಕುವ ನನ್ನಂಥವರ ಕೈಗೆ ಎಟುಕುವ ಮಾತಲ್ಲ. ಕೆಲಸದ ಮೇಲೆ ಬಂದು ಎಕ್ಸಿಟರ್‌ನಲ್ಲಿ ನೆಲೆಸಿದ ನಾನು ಬೆನ್ನು ಹತ್ತಿದ್ದು ಅದೇ ಡೆವನ್ ಸೀಮೆಯ ಸುಗ್ಗಿ ಜಗ್‌ಗಳನ್ನು. ಕೊಯ್ಲಿನ ಆಳುಗಳಿಗೆ ಬಿಯರ್ ಅಥವಾ ಸೈಡರ್ (ಸೇಬಿನ ಮದ್ಯ) ತುಂಬಿ ಹೊಲಕ್ಕೆ ಹೊತ್ತೊಯ್ಯುತ್ತಿದ್ದ, ಜೇನಿನ ಬಣ್ಣದ, ಹೊಟ್ಟೆ ದಪ್ಪಗಿನ ಜಗ್‌ಗಳಿವು. ಬಿಡ್‌ಫರ್ಡ್, ಬಾರ್ನ್‌ಸ್ಟೇಪಲ್, ಫ್ರೆಮಿಂಗ್ಟನ್ ಇವುಗಳ ತವರು.

ಇವುಗಳನ್ನು ಮಾಡುತ್ತಿದ್ದ ಬಗೆ ತಿಳಿಯದೆ ಕೊಳ್ಳಲು ಹೋಗಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಫ್ರೆಮಿಂಗ್ಟನ್ ಸುತ್ತಲಿನ ಜೇಡಿಮಣ್ಣು ಸುಟ್ಟರೆ ಕೆಂಪಾಗುತ್ತದೆ. ಅಲ್ಲಿಂದ ತುಸು ದೂರದ ಪೀಟರ್ಸ್ ಮಾರ್ಲೆಂಡ್‌ನಲ್ಲಿ ಸುಟ್ಟರೆ ಬೆಳ್ಳಗಾಗುವ ಮಣ್ಣು ಸಿಗುತ್ತದೆ. ಈ ಬಿಳಿ ಮಣ್ಣನ್ನು ನೀರಿನಲ್ಲಿ ಕದಡಿ, ಸೋಸಿ, ಗಟ್ಟಿ ಮಜ್ಜಿಗೆಯ ಹದಕ್ಕೆ ತಂದರೆ ಅದೇ ಸ್ಲಿಪ್. ತಿಗರಿಯಿಂದ ಇಳಿಸಿದ ಕೆಂಪು ಜಗ್ ಅರೆಬರೆ ಒಣಗಿದಾಗ ಅದನ್ನು ಸ್ಲಿಪ್‌ನಲ್ಲಿ ಅದ್ದಿ ತೆಗೆಯುತ್ತಾರೆ. ಆ ಬಿಳಿ ಪದರ ಆರಿದ ಮೇಲೆ ಮೊನಚು ಕಡ್ಡಿಯಿಂದ ಗೀರಿದರೆ ಒಳಗಿನ ಕೆಂಪು ಕಾಣುತ್ತದೆ. ಚಿತ್ರವೂ ಅಕ್ಷರವೂ ಮೂಡುವುದು ಹೀಗೆ. ಇದಕ್ಕೆ ಸ್ಗ್ರಾಫಿಟೋ ಅನ್ನುತ್ತಾರೆ. ಮೇಲೆ ಸೀಸದ ಅದಿರಿನ ಗ್ಲೇಜ್ (ಗಾಜಿನಂಥ ಲೇಪ) ಕೊಟ್ಟು ಆವಿಗೆಯಲ್ಲಿ ಒಂದೇ ಸಲ ಸುಡುತ್ತಿದ್ದರು. ಜೇನಿನ ಹಳದಿ ಬರುವುದು ಆ ಸೀಸದ ಗ್ಲೇಜ್‌ನಲ್ಲಿ ಕರಗುವ ಕಬ್ಬಿಣದ ಅಂಶದಿಂದ. ಅದಕ್ಕೇ ಇವುಗಳಲ್ಲಿ ಕುಡಿಯುವ ಏನನ್ನೂ ಹಾಕಿಡಬೇಡಿ, ಅದರಲ್ಲೂ ಹುಳಿ ಪಾನೀಯವನ್ನು ಹಾಕಲೇಬೇಡಿ. ಸೀಸ ವಿಷ.

ನನ್ನಲ್ಲಿರುವ ಜಗ್‌ಗಳ ಪೈಕಿ 19ನೇ ಶತಮಾನದ್ದೊಂದು ನನಗೆ ಎಲ್ಲಕ್ಕಿಂತ ಹತ್ತಿರ. ಅದರ ಬುಡದ ಹತ್ತಿರ ಬಿಳಿ ಹತ್ತದ, ಒಂದರ ಪಕ್ಕ ಒಂದು ಕೆಂಪು ಮಚ್ಚೆಗಳಿವೆ. ಸ್ಲಿಪ್‌ನಲ್ಲಿ ಅದ್ದುವಾಗ ಕುಂಬಾರ ಹಿಡಿದಿದ್ದ ಬೆರಳುಗಳ ಗುರುತು. ನನ್ನ ಬೆರಳಿಟ್ಟು ನೋಡಿದರೆ ಅವನ ಕೈ ನನ್ನದಕ್ಕಿಂತ ಸಣ್ಣದು. ಮುಂಭಾಗದಲ್ಲಿ ಹಾಯಿ ಬಿಚ್ಚಿದ ಹಡಗು, ಹಿಡಿಯ ಕೆಳಗೆ ನಾವಿಕರ ದಿಕ್ಸೂಚಿ, ಪಕ್ಕದಲ್ಲಿ ಟ್ಯೂಲಿಪ್. ಪದ್ಯ ಗೀರಿದವನಿಗೆ ಸಾಲಿನ ಕೊನೆಯಲ್ಲಿ ಜಾಗ ಸಾಲದೆ ಕೊನೆಯ ಎರಡು ಅಕ್ಷರಗಳನ್ನು ಮೇಲೇರಿಸಿದ್ದಾನೆ. ಸ್ಪೆಲಿಂಗ್ ಅಂತೂ ಕಿವಿಗೆ ಕೇಳಿಸಿದ ಹಾಗೆ. ಅದನ್ನು ಗಟ್ಟಿಯಾಗಿ ಓದಿದರೆ ಡೆವನ್ ಹಳ್ಳಿಯವರ ಉಚ್ಚಾರಣೆಯೇ ಕೇಳುತ್ತದೆ.

ಪದ್ಯಗಳೆಂದರೆ ನನಗೆ ಪ್ರಾಣ. ಬಿಡ್‌ಫರ್ಡ್‌ನಲ್ಲಿ 1775ರಲ್ಲಿ ಮಾಡಿದ ಒಂದು ಜಗ್ ಮೇಲೆ, ಮೈ ಬೆವರುವಂತೆ ದುಡಿಯುವವನಿಗೆ ಊಟಕ್ಕಿಂತ ಒಳ್ಳೆಯ ಏಲ್ ಬಿಯರೇ ಮೇಲು ಎಂಬರ್ಥದ ಸಾಲುಗಳಿವೆ. ಮುಂದಿನ ಶತಮಾನದ ಜಗ್‌ಗಳಲ್ಲಿ ಮತ್ತೆ ಮತ್ತೆ ಕಾಣುವ ಇನ್ನೊಂದು ಪದ್ಯದಲ್ಲಿ ಜಗ್ ತಾನೇ ಮಾತಾಡುತ್ತದೆ: ಕುಯ್ಲಿನವರಿಗೆ ಬಿಯರ್ ಉಣಿಸಲೆಂದೇ ಕುಂಬಾರ ನನ್ನನ್ನು ಮಾಡಿದ, ಪೈರು ಕೊಯ್ದು ಮುಗಿದ ಮೇಲೆ ಇನ್ನೊಂದು ಜಗ್ ಕುಡಿದು ‘ಎ ನೆಕ್, ಎ ನೆಕ್’ ಎಂದು ಕೂಗೋಣ, ಅಂತ. ‘ನೆಕ್’ ಅನ್ನುವ, ಹೊಲದ ಕೊನೆಯ ತೆನೆಗಳ ಕಟ್ಟನ್ನು ಎತ್ತಿ ಹಿಡಿದು ಎಲ್ಲರೂ ಕೂಗುತ್ತಿದ್ದ ಪದ್ಧತಿ ಅದು. ನಾನು ಹುಟ್ಟಿದ್ದು ಮಂಡ್ಯ ಕಡೆಯ ಒಕ್ಕಲು ಮನೆಯಲ್ಲಿ. ಕಣದಲ್ಲಿ ರಾಶಿ ಪೂಜೆ ನೋಡಿ ಬೆಳೆದವನಿಗೆ ಈ ಸಾಲುಗಳು ಎಲ್ಲಿ ತಾಕುತ್ತವೆ ಅಂತ ಬಿಡಿಸಿ ಹೇಳಬೇಕಿಲ್ಲ.

ಇನ್ನು ಕಲಿತ ಬಗೆ. ಇಡೀ ಜಗ್ ಕೊಳ್ಳುವ ಮೊದಲು ನಾನು ಚೂರುಗಳನ್ನು ಕೊಂಡೆ. ಆಂಟಿಕ್ ಸಂತೆಗಳಲ್ಲಿ ಹಳೇ ಸ್ಲಿಪ್‌ವೇರ್ ಬೋಕಿಗಳು ಕೆಲವೇ ಪೌಂಡ್‌ಗೆ ಸಿಗುತ್ತವೆ, ಮಾರುವವರೂ ಅವನ್ನು ಅಷ್ಟಾಗಿ ಲೆಕ್ಕಕ್ಕಿಡುವುದಿಲ್ಲ. ನನ್ನ ಮಟ್ಟಿಗೆ ಬೋಕಿಯಷ್ಟು ಒಳ್ಳೆಯ ಮೇಷ್ಟರಿಲ್ಲ. ಒಡೆದ ಅಂಚಿನಲ್ಲಿ ಕೆಂಪು ಮಣ್ಣು, ಅದರ ಮೇಲೆ ಬಿಳಿ ಪದರ, ಅದರ ಮೇಲೆ ಗಾಜಿನ ಪದರ ಸ್ಪಷ್ಟವಾಗಿ ಕಾಣುತ್ತವೆ. ಗೀರಿನೊಳಗೆ ಗ್ಲೇಜ್ ಇಳಿದು ದಪ್ಪಗೆ ನಿಂತಿರುತ್ತದೆ, ಗೀರಿನ ಅಂಚಿನಲ್ಲಿ ಹಸಿ ಮಣ್ಣು ಎದ್ದ ಸಣ್ಣ ದಿಬ್ಬವೂ ಗ್ಲೇಜ್‌ನ ಅಡಿಯಲ್ಲೇ ಇರುತ್ತದೆ. ಉಗುರಿನಿಂದ ಸವರಿದರೆ ಗೊತ್ತಾಗುತ್ತದೆ. ತಾರೀಕಿನ ಗೀರುಗಳಲ್ಲಿ ಗ್ಲೇಜ್ ಇಲ್ಲದೆ ಒರಟು ಮಣ್ಣು ಸಿಕ್ಕಿತೋ, ಆ ತಾರೀಕನ್ನು ಸುಟ್ಟ ಮೇಲೆ ಯಾರೋ ಕೆತ್ತಿದ್ದಾರೆ ಎಂದೇ ಅರ್ಥ.

ಆಮೇಲೆ ಬುಡ. ಜಗ್ ಎತ್ತಿಕೊಂಡ ಕೂಡಲೇ ಮೊದಲು ತಿರುಗಿಸಿ ನೋಡುವುದು ಬುಡವನ್ನೇ. ನೂರಾರು ವರ್ಷ ಕಲ್ಲು ನೆಲದ ಮೇಲೆ, ಮರದ ಮೇಜಿನ ಮೇಲೆ ಎಳೆದಾಡಿದ ಬುಡ ನೆಲಕ್ಕೆ ತಾಗುವ ಕಡೆ ಮಾತ್ರ ಸವೆದಿರುತ್ತದೆ, ಗೀರುಗಳು ದಿಕ್ಕುದೆಸೆಯಿಲ್ಲದೆ ಇರುತ್ತವೆ. ಒಂದೇ ದಿಕ್ಕಿನಲ್ಲಿ, ಒಂದೇ ಆಳದಲ್ಲಿ ಗೀರುಗಳಿದ್ದರೆ ಮರಳು ಕಾಗದ ಉಜ್ಜಿರುವ ಅನುಮಾನ ನನಗೆ. ಕೆಲವು ಬುಡಗಳು ನೇರವಾಗಿ ವಿಷಯ ಹೇಳಿಬಿಡುತ್ತವೆ. ಬಾರ್ನ್‌ಸ್ಟೇಪಲ್‌ನ ಸಿ. ಎಚ್. ಬ್ರ್ಯಾನಮ್ ತಮ್ಮ ಕಲಾಕೃತಿಗಳ ಮೇಲೆ ‘ಬಾರಮ್’ (ಬಾರ್ನ್‌ಸ್ಟೇಪಲ್‌ನ ಹಳೇ ಹೆಸರು) ಎಂದು ಗೀರುತ್ತಿದ್ದರು. ಅದಿದ್ದರೆ 19ನೇ ಶತಮಾನದ ಕೊನೆಯ ಭಾಗದಿಂದೀಚಿನದು. ‘ಇಂಗ್ಲೆಂಡ್’ ಎಂಬ ಮುದ್ರೆಯಿದ್ದರೆ ಸಾಮಾನ್ಯವಾಗಿ ಆಮದು ಸಾಮಾನಿನ ಮೇಲೆ ತಯಾರಾದ ದೇಶದ ಹೆಸರು ಇರಬೇಕೆಂದ ಅಮೆರಿಕದ ಸುಂಕದ ಕಾನೂನು 1891ರಲ್ಲಿ ಜಾರಿಯಾದ ನಂತರದ್ದು. ಇದರಲ್ಲಿ ಮೋಸವೇನೂ ಇಲ್ಲ. ಫ್ರೆಮಿಂಗ್ಟನ್‌ನ ಎಡ್ವಿನ್ ಬಿಯರ್ ಫಿಶ್ಲೆ 1912ರಲ್ಲಿ ತೀರಿಕೊಳ್ಳುವವರೆಗೂ ಹಳೇ ಪದ್ಧತಿ ಜೀವಂತವಾಗಿತ್ತು. ಅವರ ಮೊಮ್ಮಗ ವಿಲಿಯಂ ಫಿಶ್ಲೆ ಹಾಲೆಂಡ್ ಅವರಿಂದ ತಿಗರಿ ಕಲಿತ ಮೈಕಲ್ ಕಾರ್ಡ್ಯೂ ಮುಂದೆ 1926ರಲ್ಲಿ ವಿಂಚ್‌ಕೂಮ್‌ನಲ್ಲಿ ಸ್ಲಿಪ್‌ವೇರ್‌ಗೆ ಮತ್ತೆ ಜೀವ ತುಂಬಿದರು. ಬಿಡ್‌ಫರ್ಡ್‌ನ ಹ್ಯಾರಿ ಜೂನಿಪರ್ 20ನೇ ಶತಮಾನದ ಕೊನೆಗೂ ಸುಗ್ಗಿ ಜಗ್ ಗೀರುತ್ತಿದ್ದರು. ಈಚಿನದನ್ನು ಈಚಿನದೆಂದೇ ತಿಳಿದು, ಅದಕ್ಕೆ ತಕ್ಕ ಬೆಲೆ ಕೊಟ್ಟು ಕೊಂಡರಾಯಿತು.

ಬಿರುಕು ಪತ್ತೆ ಮಾಡಲು ನನ್ನ ಅಜ್ಜಿ ಸಂತೆಯಲ್ಲಿ ಮಡಕೆ ಕೊಳ್ಳುವಾಗ ಮಾಡುತ್ತಿದ್ದುದನ್ನೇ ಮಾಡುತ್ತೇನೆ: ಬೆರಳ ಗೆಣ್ಣಿನಿಂದ ತಟ್ಟುವುದು. ಮಣ್ಣಿನ ಜಗ್ ಪಿಂಗಾಣಿಯ ಹಾಗೆ ಗಣಗಣ ಅನ್ನುವುದಿಲ್ಲ, ಆದರೆ ಗಟ್ಟಿ ಇದ್ದರೆ ಸ್ವರ ತುಂಬಿರುತ್ತದೆ, ಬಿರುಕಿದ್ದರೆ ಚಪ್ಪೆ. ಇದರ ಜೊತೆಗೆ ಜೇಬಿನಲ್ಲಿ 365 ನ್ಯಾನೋಮೀಟರ್‌ನ ಪುಟ್ಟ ಯುವಿ ಟಾರ್ಚ್ ಇರಲೇಬೇಕು. ಕತ್ತಲಲ್ಲಿ ಹಿಡಿದರೆ ಹಳೇ ಗ್ಲೇಜ್ ಒಂದು ಥರ, ಈಚಿನ ಅಂಟು ಮತ್ತು ಬಣ್ಣ ಇನ್ನೊಂದು ಥರ ಹೊಳೆಯುತ್ತವೆ. ಒಂದು ಹರಾಜಿನ ಮುನ್ನೋಟದಲ್ಲಿ ‘ಸಣ್ಣಪುಟ್ಟ ಸವೆತ’ ಎಂದು ಬರೆದಿದ್ದ ಜಗ್‌ನ ಬಾಯಿ ಅರ್ಧಕ್ಕರ್ಧ ಹಾಲಿನಂತೆ ನೀಲಿಯಾಗಿ ಹೊಳೆಯಿತು. ಅಂದರೆ ಅಷ್ಟೂ ರಿಪೇರಿ. ಬೆಲೆ ಕೂಗದೆ ಎದ್ದು ಬಂದೆ.

ಹಾಗಂತ ನಾನು ಒಡಕು ಜಗ್ ಕೊಳ್ಳುವುದಿಲ್ಲ ಅಂತಲ್ಲ. ಕೊಳ್ಳುತ್ತೇನೆ, ಸಂತೋಷದಿಂದಲೇ. ಬಾಯಿಯ ಚೆಕ್ಕೆ ಹಾರಿದ್ದು, ಹಳೇ ಕಾಲದಲ್ಲಿ ತಂತಿ ಹೊಲಿಗೆ ಹಾಕಿದ್ದು, ಹಿಡಿ ಮುರಿದದ್ದು, ಎಲ್ಲವೂ ನಡೆಯುತ್ತದೆ. ದುಡಿದ ಪಾತ್ರೆಗೆ ಗಾಯ ಇರಲೇಬೇಕು. ಕಣ್ಣಿಗೆ ಕಾಣುವ ಗಾಯ ಇದ್ದಲ್ಲಿ ಬೆಲೆಯೂ ಇಳಿಯುತ್ತದೆ, ಚಿತ್ರ ಮತ್ತು ಪದ್ಯ ಹಾಗೇ ಇರುತ್ತವೆ. ಬಣ್ಣ ಬಳಿದು ಮುಚ್ಚಿದ ಗಾಯ ಮಾತ್ರ ಬೇಡ. ರಿಪೇರಿಯ ಬಣ್ಣ ಬಹಳ ಸಲ ಅಕ್ಕಪಕ್ಕದ ಅಸಲಿ ಗ್ಲೇಜ್ ಮೇಲೂ ಹರಡಿರುತ್ತದೆ. ಹರಾಜಿನಲ್ಲಿ ಬಯ್ಯರ್ಸ್ ಪ್ರೀಮಿಯಂ (ಕೂಗಿದ ಬೆಲೆಯ ಮೇಲೆ ಹರಾಜಿನವರು ಕೊಳ್ಳುವವರಿಂದ ಪಡೆಯುವ ಶುಲ್ಕ), ಅದರ ಮೇಲಿನ ವ್ಯಾಟ್ ತೆರಿಗೆ ಎರಡನ್ನೂ ಮೊದಲೇ ಲೆಕ್ಕ ಹಾಕಿ ಮಿತಿಯನ್ನು ಚೀಟಿಯಲ್ಲಿ ಬರೆದುಕೊಂಡು ಕೂರುವುದು ನನ್ನ ರೂಢಿ.

ಕೈ ಪಳಗಲು ಮೋಕಾವೇರ್ ಜಗ್‌ಗಳೂ ಒಳ್ಳೆಯವು. 18ನೇ ಶತಮಾನದ ಕೊನೆಯಿಂದ ಕಾರ್ಖಾನೆಗಳಲ್ಲಿ ಮಾಡಿದ, ಪಬ್‌ಗಳಲ್ಲಿ ಬಳಕೆಯಾದ ಅಗ್ಗದ ಸಾಮಾನು ಇದು. ಹಸಿ ಸ್ಲಿಪ್ ಮೇಲೆ ತಂಬಾಕಿನ ಕಷಾಯದಂಥ ಹುಳಿ ದ್ರವಕ್ಕೆ ಬಣ್ಣ ಬೆರೆಸಿ ಒಂದು ಹನಿ ತಾಗಿಸಿದರೆ ಅದು ತಾನಾಗಿ ಕವಲೊಡೆದು ಮರದಂತೆ ಹರಡಿಕೊಳ್ಳುತ್ತದೆ. ಅಳತೆ ಸರಿಯಿದೆ ಎಂಬ ಸರ್ಕಾರಿ ಮುದ್ರೆ ಇದ್ದರೆ ಯಾವ ದೊರೆಯ ಕಾಲದ್ದೆಂದೂ ತಿಳಿಯುತ್ತದೆ.

ನೋಡಿ ಕಲಿಯಲು ಬಿಡ್‌ಫರ್ಡ್‌ನ ಬರ್ಟನ್ ಗ್ಯಾಲರಿ, ಬಾರ್ನ್‌ಸ್ಟೇಪಲ್ ಮ್ಯೂಸಿಯಂ, ಕೇಂಬ್ರಿಜ್‌ನ ಫಿಟ್ಸ್‌ವಿಲಿಯಂ ಮೂರಕ್ಕೂ ಹೋಗಲೇಬೇಕು. ಫಿಟ್ಸ್‌ವಿಲಿಯಂನ ಸ್ಲಿಪ್‌ವೇರ್ ಬಹುಪಾಲು ಟ್ರಿನಿಟಿ ಕಾಲೇಜಿನ ಗಣಿತಜ್ಞ ಜೆ. ಡಬ್ಲ್ಯೂ. ಎಲ್. ಗ್ಲೇಷರ್ ಕೂಡಿಟ್ಟದ್ದು; 1928ರಲ್ಲಿ ಅವರು ತೀರಿಕೊಂಡಾಗ ಮ್ಯೂಸಿಯಂಗೆ ಬಂತು. ಅವರು ಸಂಪಾದಿಸುತ್ತಿದ್ದ ‘ಮೆಸೆಂಜರ್ ಆಫ್ ಮ್ಯಾಥಮ್ಯಾಟಿಕ್ಸ್’ ಪತ್ರಿಕೆಯಲ್ಲಿ ನಮ್ಮ ರಾಮಾನುಜನ್ ಅವರ ಲೇಖನಗಳೂ ಅಚ್ಚಾಗಿವೆ. ಹಳ್ಳಿ ಕುಂಬಾರರ ಕೆಲಸವನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡ ಆ ಮನುಷ್ಯನ ಬಗ್ಗೆ ನನಗೆ ಅಪಾರ ಗೌರವ.

ಮನೆಯಲ್ಲಿ ಜಾಗ್ರತೆ ಇಷ್ಟೇ: ಹಿಡಿ ಹಿಡಿದು ಎತ್ತಬಾರದು, ಒಂದು ಕೈ ಬುಡಕ್ಕೆ, ಒಂದು ಹೊಟ್ಟೆಗೆ. ನೀರಿನಲ್ಲಿ ನೆನೆಹಾಕಬಾರದು, ಮೆತ್ತನೆಯ ಬ್ರಷ್ ಸಾಕು. ಎಲ್ಲಿ, ಯಾರಿಂದ, ಎಷ್ಟಕ್ಕೆ ಬಂತೆಂದು ಬರೆದ ಚೀಟಿ ಪ್ರತಿ ಜಗ್‌ನೊಳಗೂ ಇರುತ್ತದೆ.

ಈಗ ಹುಡುಕುತ್ತಿರುವುದು ಪಕ್ಕದ ಸಾಮರ್‌ಸೆಟ್‌ನ ಡಾನ್ಯಾಟ್ ಜಗ್. ಅಲ್ಲಿನವರು ಗೀರಿದ ಬಿಳಿ ಸ್ಲಿಪ್ ಮೇಲೆ ತಾಮ್ರದ ಹಸಿರನ್ನು ಅಲ್ಲಲ್ಲಿ ಚಿಮುಕಿಸುತ್ತಿದ್ದರು; ಹಳದಿಯ ಮೇಲೆ ಆ ಹಸಿರು ಹರಡಿರುವ ಪರಿ ನೋಡಿದವರು ಮರೆಯುವುದಿಲ್ಲ. ಹಿಡಿ ಇಲ್ಲದಿದ್ದರೂ ಪರವಾಗಿಲ್ಲ, ಅಕ್ಷರ ಇದ್ದರೆ ಸಾಕು ಎಂದು ಪರಿಚಯದ ವ್ಯಾಪಾರಿಗಳಿಗೆಲ್ಲ ಹೇಳಿಟ್ಟಿದ್ದೇನೆ.