ಹಳೆಯ ಎಚ್‌ಎಂಟಿ ವಾಚುಗಳ ಆನ್‌ಲೈನ್ ಹರಾಜು ಮತ್ತು ಚಿತ್ರಮಾಲೆ: ನನ್ನ ಅನುಭವ

ಹಳೆಯ ಕೈಗಡಿಯಾರವನ್ನು ಅಂಗಡಿಯಲ್ಲಿ ಕೊಳ್ಳುವವರು ಅದನ್ನು ಮೊದಲು ಅಂಗೈಯಲ್ಲಿಟ್ಟು ನೋಡುತ್ತಾರೆ; ಗಾಜನ್ನು ಬೆಳಕಿಗೆ ಓರೆಯಾಗಿ ಹಿಡಿದು ಗೀರು ಹುಡುಕುತ್ತಾರೆ, ಕೀಲಿ ಕೊಟ್ಟು ಕಿವಿಗಿಟ್ಟುಕೊಳ್ಳುತ್ತಾರೆ, ಬೆನ್ನಿನ ಮೇಲಿನ ಅಕ್ಷರಗಳನ್ನು ಓದುತ್ತಾರೆ, ಮನಸ್ಸಿಗೆ ಒಪ್ಪಿದರೆ ಬೆಲೆ ಕೇಳುತ್ತಾರೆ. ಆನ್‌ಲೈನ್ ಹರಾಜಿನಲ್ಲಿ ಈ ಕೆಲಸವಷ್ಟೂ ಚಿತ್ರಗಳ ಪಾಲಿಗೆ ಬರುತ್ತದೆ. ಬೆಂಗಳೂರಿನಲ್ಲಿದ್ದುಕೊಂಡು ಹಲವು ವರ್ಷಗಳಿಂದ ಹಳೆಯ ಎಚ್‌ಎಂಟಿ ವಾಚುಗಳನ್ನು ಹರಾಜಿಗೆ ಇಡುತ್ತ ಬಂದಿರುವ ನಾನು ಕಂಡುಕೊಂಡಿರುವ ಪ್ರಕಾರ, ನೋಡುವವರ ಅನುಮಾನ ಎಷ್ಟರ ಮಟ್ಟಿಗೆ ತೀರುತ್ತದೆಯೋ ಅಷ್ಟರ ಮಟ್ಟಿಗೆ ಬಿಡ್ ಏರುತ್ತದೆ. ಚಿತ್ರಮಾಲೆಯನ್ನು ಜೋಡಿಸುವಾಗ ನಾನು ತೆಗೆದುಕೊಳ್ಳುವ ತೀರ್ಮಾನಗಳೆಲ್ಲ ಈ ಒಂದು ತಿಳಿವಳಿಕೆಯಿಂದಲೇ ಹೊರಡುತ್ತವೆ.

ಎಚ್‌ಎಂಟಿ ವಾಚುಗಳ ವಿಷಯದಲ್ಲಿ ಅನುಮಾನಕ್ಕೆ ಕಾರಣಗಳು ಸಾಕಷ್ಟಿವೆ. 1953ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಂಸ್ಥೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದೊಂದಿಗೆ ವಾಚು ತಯಾರಿಕೆಗೆ ಇಳಿಯಿತು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಜನತಾ, ಪೈಲಟ್, ಸೋನಾ, ಕೋಹಿನೂರ್, ಕಾಂಚನ್ ಮುಂತಾದ ಹೆಸರುಗಳು ಮನೆಮಾತಾದವು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನ ಹೊರಬಿದ್ದಾಗ ಸಂಗ್ರಾಹಕರ ಬೇಡಿಕೆ ಒಮ್ಮೆಲೇ ಹೆಚ್ಚಿತು, ಬೇಡಿಕೆಯ ಹಿಂದೆಯೇ ನಕಲುಗಳೂ ಹೆಚ್ಚಿದವು. ಮೂಲ ಡಯಲ್ ಅಳಿಸಿ ಕಾರ್ಖಾನೆ ಎಂದೂ ಬಳಸದ ಬಣ್ಣ ಬಳಿದು, ಹೆಸರನ್ನು ಹೊಸದಾಗಿ ಮುದ್ರಿಸಿದ ವಾಚುಗಳನ್ನು ಸಂಗ್ರಾಹಕರು ರೀಡಯಲ್ ಎನ್ನುತ್ತಾರೆ. ನಾಲ್ಕು ವಾಚುಗಳ ಬಿಡಿಭಾಗ ಸೇರಿಸಿ ಕಟ್ಟಿದ ಐದನೆಯ ವಾಚೂ ಮಾರುಕಟ್ಟೆಯಲ್ಲಿ ಸಿಗುತ್ತದೆ. ಕೊಳ್ಳುವವರಿಗೆ ಇದೆಲ್ಲವೂ ಗೊತ್ತು. ಆದ್ದರಿಂದ ಒಂದೇ ಒಂದು ಮಸುಕಾದ ಚಿತ್ರ ಹಾಕಿದ ಅಸಲಿ ಪೈಲಟ್‌ಗಿಂತ, ಸಂಪೂರ್ಣ ಚಿತ್ರಮಾಲೆಯಿರುವ ಸಾಧಾರಣ ಜನತಾ ಹೆಚ್ಚಿನ ಬೆಲೆಗೆ ಹೋಗುವುದನ್ನು ನಾನು ಕಂಡಿದ್ದೇನೆ.

ಹರಾಜಿನ ತಾಣಗಳಲ್ಲಿ ಗ್ಯಾಲರಿ ಎಂಬುದಕ್ಕೆ ಒಂದು ಇತಿಹಾಸವಿದೆ. ಈಬೇಯ ಮೊದಲ ವರ್ಷಗಳಲ್ಲಿ ಹುಡುಕಾಟದ ಪಟ್ಟಿಯಲ್ಲಿ ಶೀರ್ಷಿಕೆಯ ಪಕ್ಕ ಪುಟ್ಟ ಚಿತ್ರ ಕಾಣಬೇಕಾದರೆ ಮಾರುವವರು ಪ್ರತ್ಯೇಕ ಶುಲ್ಕ ಕೊಡಬೇಕಿತ್ತು. ಅಮೆರಿಕದಲ್ಲಿ ಅದು ಉಚಿತವಾದದ್ದು 2008ರಲ್ಲಿ. ಈಗ ಚಿತ್ರವಿಲ್ಲದ ವಸ್ತುವೇ ಇಲ್ಲ, ಹಾಗಾಗಿ ಚಿತ್ರ ಇರುವುದರಿಂದಷ್ಟೇ ಯಾವ ಅನುಕೂಲವೂ ದೊರೆಯುವುದಿಲ್ಲ. ಒಂದು ವಸ್ತುವಿಗೆ 24 ಚಿತ್ರಗಳವರೆಗೆ ಹಾಕುವ ಅವಕಾಶವನ್ನು ಈಬೇ ಕೊಡುತ್ತದೆ. ಚಿತ್ರದ ಉದ್ದನೆಯ ಬದಿ ಕನಿಷ್ಠ 500 ಪಿಕ್ಸೆಲ್ ಇರಬೇಕು, 1600 ಇದ್ದರೆ ದೊಡ್ಡದು ಮಾಡಿ ನೋಡಲು ಅನುಕೂಲ. ಚಿತ್ರದ ಮೇಲೆ ಬರಹವನ್ನಾಗಲೀ ಸುತ್ತ ಅಂಚುಪಟ್ಟಿಯನ್ನಾಗಲೀ ಸೇರಿಸಬಾರದು. ಬಳಸಿದ ವಸ್ತುವಿಗೆ ಬೇರೆಡೆಯ ಸಿದ್ಧಚಿತ್ರ ಹಾಕುವಂತಿಲ್ಲ. ಈ ಕೊನೆಯ ನಿಯಮವನ್ನು ನಾನು ಮನಸಾರೆ ಮೆಚ್ಚುತ್ತೇನೆ, ಏಕೆಂದರೆ ಮಾರುವ ವಸ್ತುವಿನದೇ ಚಿತ್ರ ತೆಗೆಯುವ ಶ್ರಮಕ್ಕೆ ಅದರಿಂದ ಬೆಲೆ ಸಿಗುತ್ತದೆ.

ಮೊದಲ ಚಿತ್ರದ ಕೆಲಸ ಬೇರೆ, ಉಳಿದವುಗಳ ಕೆಲಸ ಬೇರೆ. ಹೆಚ್ಚಿನವರು ಫೋನಿನಲ್ಲಿ ಪಟ್ಟಿ ಸರಿಸುತ್ತ ಹೋಗುವಾಗ ನನ್ನ ವಾಚು ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾಗಿ ಕಾಣುತ್ತದೆ. ಆ ಅಳತೆಯಲ್ಲಿ ಡಯಲ್‌ನ ಬಣ್ಣ ಮತ್ತು ಆಕಾರ ಮಾತ್ರ ಓದಲು ಸಿಗುತ್ತವೆ. ಆದ್ದರಿಂದ ಮೊದಲ ಚಿತ್ರದಲ್ಲಿ ವಾಚನ್ನು ನೇರ ಮೇಲಿನಿಂದ, ಚೌಕಟ್ಟಿನ ಬಹುಪಾಲು ತುಂಬುವಂತೆ ತೆಗೆಯುತ್ತೇನೆ. ವಾಚಿನ ಬೆಲ್ಟು ಅರ್ಧಕ್ಕೆ ಕತ್ತರಿಸಿಹೋದರೂ ಚಿಂತೆಯಿಲ್ಲ. ಮುಳ್ಳುಗಳನ್ನು ಹತ್ತು ಗಂಟೆ ಹತ್ತು ನಿಮಿಷಕ್ಕೆ ನಿಲ್ಲಿಸಿದರೆ ಹನ್ನೆರಡರ ಕೆಳಗಿನ ಎಚ್‌ಎಂಟಿ ಮುದ್ರೆ ಮುಚ್ಚಿಹೋಗುವುದಿಲ್ಲ. ಜಾಹೀರಾತುಗಳು ಇದನ್ನು ಬಹುಕಾಲದಿಂದ ಪಾಲಿಸುತ್ತ ಬಂದಿವೆ, ಹರಾಜಿನಲ್ಲೂ ಅದು ಫಲ ಕೊಡುತ್ತದೆ. ಫೋನನ್ನು ತೀರ ಹತ್ತಿರ ಹಿಡಿದರೆ ವಾಚಿನ ನಡುಭಾಗ ಉಬ್ಬಿದಂತೆ ಕಾಣುವುದರಿಂದ, ಒಂದಡಿಯಷ್ಟು ಹಿಂದೆ ಸರಿದು ಎರಡು ಪಟ್ಟು ಜೂಮ್‌ನಲ್ಲಿ ತೆಗೆಯುವುದು ಒಳ್ಳೆಯದು.

ಎರಡನೆಯ ಚಿತ್ರದಿಂದ ಮುಂದೆ ಕೊಳ್ಳುವವರ ಪ್ರಶ್ನೆಗಳ ಕ್ರಮವೇ ಚಿತ್ರಗಳ ಕ್ರಮ. ಮೊದಲ ಪ್ರಶ್ನೆ ಡಯಲ್ ಅಸಲಿಯೇ ಎಂಬುದು. ಅವೆನ್ಯೂ ರಸ್ತೆಯ ಕಡೆಯ ಹಿರಿಯ ವಾಚ್ ರಿಪೇರಿಯವರೊಬ್ಬರು ನನಗೆ ಹೇಳಿದ್ದ ಮಾತನ್ನು ಇಂದಿಗೂ ಪಾಲಿಸುತ್ತೇನೆ: ‘ಸರ್, ಡಯಲ್ ಅಂಚು, ಆರರ ಕೆಳಗಿನ ಸಣ್ಣಕ್ಷರ, ಇವೆರಡನ್ನೂ ತೋರಿಸಿಬಿಡಿ. ಗೊತ್ತಿರೋರು ಅಲ್ಲೇ ನೋಡೋದು.’ ರೀಡಯಲ್‌ನಲ್ಲಿ ಗಂಟೆಯ ಗುರುತುಗಳ ಸುತ್ತ ಬಣ್ಣ ಏರಿಳಿದಿರುತ್ತದೆ, ಅಕ್ಷರಗಳ ಅಂಚು ಕದಡಿರುತ್ತದೆ, ಸಾಲು ಕೊಂಚ ಓರೆಯಾಗಿರುತ್ತದೆ. ಆದ್ದರಿಂದ ಎಚ್‌ಎಂಟಿ ಮುದ್ರೆ, 17 ಜುವೆಲ್ಸ್ (ಯಂತ್ರದೊಳಗಿನ ಹರಳು ಬೇರಿಂಗುಗಳ ಸಂಖ್ಯೆ) ಮತ್ತು ಪ್ಯಾರಾಶಾಕ್ (ಆಘಾತ ತಡೆಯುವ ವ್ಯವಸ್ಥೆ) ಎಂಬ ಬರಹ, ದೇವನಾಗರಿಯಲ್ಲಿ ಹೆಸರಿರುವ ಜನತಾ ಆಗಿದ್ದರೆ ಆ ಹೆಸರು, ಇವುಗಳಿಗೆ ಒಂದೊಂದು ಹತ್ತಿರದ ಚಿತ್ರ ಮೀಸಲಿಡುತ್ತೇನೆ. ನಂತರ ಕೀಲಿಯ ತಿರುಪು, ಬೆಲ್ಟು ಸಿಕ್ಕಿಸುವ ಕೊಂಬುಗಳು, ಎರಡೂ ಬದಿ, ಬೆನ್ನುಮುಚ್ಚಳದ ಕೆತ್ತನೆ ಬರುತ್ತವೆ.

ಒಳಗಿನ ಯಂತ್ರದ ಚಿತ್ರ ಅತ್ಯಂತ ಮುಖ್ಯ. ಕೀಲಿ ಕೊಡುವ 0231 ಮೂವ್‌ಮೆಂಟ್‌ನ ವಾಚಾದರೆ ಆ ಸಂಖ್ಯೆಯೂ ಎಚ್‌ಎಂಟಿ ಹೆಸರೂ ಸ್ಪಷ್ಟವಾಗಿ ಓದುವಂತಿರಬೇಕು. ಬೆನ್ನುಮುಚ್ಚಳವನ್ನು ಮನೆಯಲ್ಲಿ ತೆರೆಯುವುದಕ್ಕಿಂತ ರಿಪೇರಿಯವರ ಮೇಜಿನಲ್ಲೇ, ಸರ್ವಿಸ್ ಮುಗಿದ ಕೂಡಲೇ, ಧೂಳು ಕೂರುವ ಮೊದಲು ತೆಗೆದ ಚಿತ್ರ ಚೆನ್ನಾಗಿರುತ್ತದೆ. ಅಲ್ಲಿಯೇ ಟೈಮ್‌ಗ್ರಾಫರ್ ಯಂತ್ರವಿದ್ದರೆ ಅದರ ಪರದೆಯ ಚಿತ್ರವನ್ನೂ ತೆಗೆದುಕೊಳ್ಳುತ್ತೇನೆ. ಗಂಟೆಗೆ 18,000 ಬಡಿತದ ಈ ವಾಚು ದಿನಕ್ಕೆ ಎಷ್ಟು ಸೆಕೆಂಡು ಮುಂದೆ ಅಥವಾ ಹಿಂದೆ ಓಡುತ್ತಿದೆ ಎಂಬುದನ್ನು ಆ ಪರದೆ ತೋರಿಸುತ್ತದೆ, ಮತ್ತು ‘ಚೆನ್ನಾಗಿ ಓಡುತ್ತಿದೆ’ ಎಂದು ನಾನು ಬರೆಯುವ ಯಾವ ವಾಕ್ಯಕ್ಕಿಂತಲೂ ಅದಕ್ಕೆ ಹೆಚ್ಚು ತೂಕವಿದೆ.

ಕುಂದುಗಳ ಚಿತ್ರ ಹಾಕಲು ಅನೇಕರು ಹಿಂಜರಿಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಚಿತ್ರಮಾಲೆಯ ಬೆನ್ನೆಲುಬು ಅದೇ. ಕೇಸ್‌ನ ಲೇಪ ಸವೆದು ಹಿತ್ತಾಳೆ ಕಂಡಿರುವ ಕೊಂಬು, ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಕಾಣುವ ಅಕ್ರಿಲಿಕ್ ಗಾಜಿನ ಗೀರು, ಡಯಲ್ ಮೇಲಿನ ತೇವದ ಕಲೆ, ಇವನ್ನು ಮರೆಮಾಚದೆ ತೋರಿಸಿದಾಗ ಎರಡು ಸಂಗತಿಗಳು ನಡೆಯುತ್ತವೆ. ಗೆದ್ದವರು ವಾಚು ಕೈಸೇರಿದ ಮೇಲೆ ದೂರು ಹೇಳುವ ಸಂದರ್ಭ ಕಡಿಮೆಯಾಗುತ್ತದೆ. ಉಳಿದ ಚಿತ್ರಗಳಲ್ಲಿ ಕುಂದು ಕಾಣದಿದ್ದರೆ ಅದು ನಿಜವಾಗಿಯೂ ಇಲ್ಲ ಎಂದು ನೋಡುವವರು ನಂಬುತ್ತಾರೆ. ಬಿಡ್ ಬಿದ್ದ ಮೇಲೆ, ಅದರಲ್ಲೂ ಹರಾಜಿನ ಕೊನೆಯ 12 ಗಂಟೆಗಳಲ್ಲಿ, ವಿವರಗಳನ್ನು ಬದಲಿಸಲು ಮಿತಿಗಳಿರುವುದರಿಂದ ಇವೆಲ್ಲ ಮೊದಲ ದಿನವೇ ಸೇರಿರಬೇಕು. ದೊಡ್ಡ ಬಿಡ್‌ಗಳು ಕೊನೆಯ ನಿಮಿಷಗಳಲ್ಲಿ ಬರುವುದು ವಾಡಿಕೆ. ಆಗ ಯಾರೂ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದಿಲ್ಲ.

ಬೆಳಕಿನ ವಿಷಯದಲ್ಲಿ ಬೆಂಗಳೂರಿಗೆ ಹೊಂದುವ ಒಂದು ಮಾತು ಹೇಳಬೇಕು. ಛಾಯಾಗ್ರಹಣದ ಪಾಶ್ಚಾತ್ಯ ಕೈಪಿಡಿಗಳು ಉತ್ತರದ ಕಿಟಕಿಯಲ್ಲಿ ಎಂದೂ ನೇರ ಬಿಸಿಲು ಬೀಳುವುದಿಲ್ಲ ಎಂದು ಕಲಿಸುತ್ತವೆ. ನಾವಿರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕಿರುತ್ತಾನೆ, ಆ ತಿಂಗಳುಗಳಲ್ಲಿ ಉತ್ತರದ ಕಿಟಕಿಗೂ ಬಿಸಿಲು ಬರುತ್ತದೆ. ಹಾಗಾಗಿ ಕಿಟಕಿಗೆ ಬಟರ್ ಪೇಪರ್ ಅಂಟಿಸಿ ಬೆಳಕನ್ನು ಮೃದುಗೊಳಿಸುವುದು ಅನಿವಾರ್ಯ. ಜುಲೈ, ಆಗಸ್ಟ್ ತಿಂಗಳ ಮೋಡ ಕವಿದ ಬೆಳಗಿನ ಬೆಳಕು ವಾಚಿನ ಚಿತ್ರಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಆ ದಿನಗಳಲ್ಲಿ ಮುಂದಿನ ಹಲವು ಹರಾಜುಗಳಿಗೆ ಬೇಕಾದ ಚಿತ್ರಗಳನ್ನು ಒಟ್ಟಿಗೆ ತೆಗೆದಿಡುತ್ತೇನೆ. ಕೋಣೆಯ ಹಳದಿ ದೀಪ ಆರಿಸಿರಬೇಕು, ಇಲ್ಲವಾದರೆ ಬಿಳಿಯ ಡಯಲ್ ಕೆನೆಬಣ್ಣಕ್ಕೆ ತಿರುಗಿ, ನೋಡುವವರಿಗೆ ಹಳೆಯ ವಾರ್ನಿಷ್‌ನಂತೆ ತೋರುತ್ತದೆ. ಗಾಜಿನಲ್ಲಿ ಫೋನಿನ ಪ್ರತಿಬಿಂಬ ಬೀಳದಂತೆ ನಡುವೆ ತೂತಿರುವ ಕಪ್ಪು ರಟ್ಟನ್ನು ಲೆನ್ಸ್‌ನ ಮುಂದೆ ಹಿಡಿದರೆ ಸಾಕು.

ಇನ್ನು ಚಿತ್ರಮಾಲೆಯ ಮತ್ತೊಂದು ಉಪಯೋಗ, ಒಂದು ವಸ್ತುವಿನಿಂದ ಇನ್ನೊಂದಕ್ಕೆ ಜನರನ್ನು ಕರೆದೊಯ್ಯುವುದು. ಹಿಂದೆ ಹರಾಜಿನ ವಿವರಣೆಯ ಕೆಳಗೆ ಮಾರುವವರ ಇತರ ವಸ್ತುಗಳ ಪುಟ್ಟ ಚಿತ್ರಗಳು ಸಾಲಾಗಿ ಸರಿಯುತ್ತ ಹೋಗುವ ಪಟ್ಟಿಯನ್ನು ಅಳವಡಿಸುವುದು ಸಾಮಾನ್ಯವಾಗಿತ್ತು. ಒಂದು ಕಾಂಚನ್ ನೋಡಲು ಬಂದವರು ಅದೇ ವಾರ ಮುಗಿಯಲಿರುವ ಕೋಹಿನೂರ್ ಕಡೆಗೂ ಹೋಗುತ್ತಿದ್ದರು. 2017ರಲ್ಲಿ ಈಬೇ ವಿವರಣೆಯೊಳಗೆ ಓಡುವ ಸ್ಕ್ರಿಪ್ಟ್‌ಗಳನ್ನು, ಅಂದರೆ ಇಂಥ ಪಟ್ಟಿಗಳನ್ನು ನಡೆಸುವ ಪುಟ್ಟ ಪ್ರೋಗ್ರಾಂಗಳನ್ನು, ನಿಲ್ಲಿಸಿತು. ಅದೇ ವರ್ಷ ಹೊರಗಿನ ಚಿತ್ರಸಂಗ್ರಹ ತಾಣವೊಂದು ದುಬಾರಿ ಶುಲ್ಕ ಹೇರಿದಾಗ ಎಷ್ಟೋ ಜನರ ವಿವರಣೆಗಳಲ್ಲಿ ಚಿತ್ರಗಳ ಜಾಗ ಖಾಲಿಯಾಯಿತು. ಅಂದಿನಿಂದ ಚಿತ್ರಗಳನ್ನು ಹರಾಜಿನ ತಾಣದಲ್ಲೇ ಇಡುತ್ತೇನೆ, ಮೂಲಪ್ರತಿಗಳನ್ನು ನನ್ನ ಹಾರ್ಡ್ ಡಿಸ್ಕ್‌ನಲ್ಲಿ ಉಳಿಸಿಕೊಳ್ಳುತ್ತೇನೆ. ಸರಿಯುವ ಪಟ್ಟಿಯ ಬದಲು ಈಗ ಎಲ್ಲ ವಾಚುಗಳಿಗೂ ಒಂದೇ ಹಿನ್ನೆಲೆ, ಒಂದೇ ಬೆಳಕು, ಒಂದೇ ಕೋನ ಬಳಸುತ್ತೇನೆ. ಬೂದುಬಣ್ಣದ ಖಾದಿ ಬಟ್ಟೆಯ ಮೇಲಿರುವ ವಾಚನ್ನು ಹುಡುಕಾಟದ ಪಟ್ಟಿಯಲ್ಲಿ ಕಂಡ ಹಳೆಯ ಗ್ರಾಹಕರು ಹೆಸರು ಓದುವ ಮೊದಲೇ ಅದು ನನ್ನದೆಂದು ಗುರುತಿಸುತ್ತಾರೆ. ಒಂದೇ ವಾರದಲ್ಲಿ ಐದಾರು ವಾಚುಗಳ ಹರಾಜು ಬೆನ್ನುಬೆನ್ನಿಗೆ ಮುಗಿಯುವಂತೆ ಇಟ್ಟರೆ, ಒಂದರಲ್ಲಿ ಸೋತವರು ಮುಂದಿನದಕ್ಕೆ ಬಿಡ್ ಮಾಡುತ್ತಾರೆ.

ಬಾಝಿ ಎಂಬ ಭಾರತೀಯ ಹರಾಜು ತಾಣವನ್ನು 2004ರಲ್ಲಿ ಕೊಂಡು ನಮ್ಮ ದೇಶಕ್ಕೆ ಬಂದಿದ್ದ ಈಬೇ ಇಂಡಿಯಾ ತಾಣ 2018ರ ಆಗಸ್ಟ್‌ನಲ್ಲಿ ಮುಚ್ಚಿತು. ಅಲ್ಲಿಂದೀಚೆಗೆ ವಿದೇಶಿ ಸಂಗ್ರಾಹಕರಿಗೆ ಈಬೇಯ ರಫ್ತು ಮಾರ್ಗ, ನಮ್ಮವರಿಗೆ ಫೇಸ್‌ಬುಕ್ ಮತ್ತು ವಾಟ್ಸ್‌ಆ್ಯಪ್ ಗುಂಪುಗಳ ಹರಾಜು ಎಂದು ನನ್ನ ಕೆಲಸ ಎರಡಾಗಿ ಹಂಚಿಹೋಗಿದೆ. ವಾಟ್ಸ್‌ಆ್ಯಪ್ ಚಿತ್ರಗಳನ್ನು ಕುಗ್ಗಿಸುವುದರಿಂದ ಡಯಲ್‌ನ ಸಣ್ಣಕ್ಷರ ಕದಡಿ, ಅಸಲಿ ವಾಚೇ ರೀಡಯಲ್‌ನಂತೆ ಕಾಣುವ ಅಪಾಯವಿದೆ. ಅಂಥ ಚಿತ್ರಗಳನ್ನು ಡಾಕ್ಯುಮೆಂಟ್ ರೂಪದಲ್ಲೋ ಎಚ್‌ಡಿ ಆಯ್ಕೆಯಲ್ಲೋ ಕಳುಹಿಸಬೇಕು. ಗುಂಪಿನಲ್ಲಿ ಹರಾಜು ಆರಂಭಿಸುವ ಹಿಂದಿನ ಸಂಜೆಯೇ ಆಲ್ಬಂ ಹಾಕಿದರೆ ಪ್ರಶ್ನೆಗಳು ಮೊದಲೇ ಬಂದು, ಬಿಡ್ ನಡೆಯುವ ಹೊತ್ತು ಬಿಡ್‌ಗೇ ಉಳಿಯುತ್ತದೆ.

ಮಾರಾಟ ಮುಗಿದ ಮೇಲೂ ಚಿತ್ರಮಾಲೆಯನ್ನು ಅಳಿಸುವುದಿಲ್ಲ. ಮಾದರಿಯ ಹೆಸರು, ಹರಾಜು ಮುಗಿದ ತಿಂಗಳು, ಕೊನೆಯ ಬೆಲೆ ಇಷ್ಟನ್ನು ಕಡತದ ಹೆಸರಿನಲ್ಲೇ ಬರೆದು ಇಡುತ್ತೇನೆ. ಅದೇ ಮಾದರಿಯ ಇನ್ನೊಂದು ವಾಚು ಕೈಗೆ ಬಂದಾಗ ಡಯಲ್ ಮುದ್ರಣವನ್ನು ಹೋಲಿಸಿ ನೋಡಲು, ಆರಂಭಿಕ ಬೆಲೆಯನ್ನು ನಿಶ್ಚಯಿಸಲು, ಮತ್ತು ‘ಇದು ಅಸಲಿಯೇ’ ಎಂದು ಕೇಳುವ ಹೊಸಬರಿಗೆ ಎರಡು ಡಯಲ್‌ಗಳ ಚಿತ್ರ ಪಕ್ಕಪಕ್ಕದಲ್ಲಿಟ್ಟು ತೋರಿಸಲು ಆ ಕಡತಗಳೇ ನೆರವಾಗುತ್ತವೆ.