ಟಿವಿ ಆಡಿಷನ್ನಿಗೆ ಹಾಡು ಕೂರಿಸುವಾಗ

'ಸರಿಗಮಪ'ದಂಥ ಸ್ಪರ್ಧೆಗೆ ಹೊರಟ ಮಕ್ಕಳಿಗೆ ಹಾಡು ಕೂರಿಸುವಾಗ ನಾನು ಮೊದಲು ನೋಡುವುದು ಶ್ರುತಿ, ಅಂದರೆ ಹಾಡು ಯಾವ ಆಧಾರ ಸ್ವರದ ಮೇಲೆ ನಿಲ್ಲುತ್ತದೆ ಎಂಬುದು. ಹಾಡಿನ ಅತಿ ಮೇಲಿನ, ಅತಿ ಕೆಳಗಿನ ಸ್ವರಗಳನ್ನು ಹಾರ್ಮೋನಿಯಂ ಮೇಲೆ ಗುರುತು ಮಾಡಿಕೊಳ್ಳುತ್ತೇನೆ. ಮಗು ಆಯಾಸವಿಲ್ಲದೆ ಮುಟ್ಟುವ ಮೇಲಿನ ಸ್ವರಕ್ಕಿಂತ ಒಂದು ಮನೆ (ಹಾರ್ಮೋನಿಯಂನ ಒಂದು ಬಿಳಿ ಕೀಲಿಯಷ್ಟು) ಕೆಳಗೇ ಹಾಡಿನ ತುದಿ ಬರಬೇಕು. ಚಿತ್ರೀಕರಣದ ದಿನ ಗಂಟೆಗಟ್ಟಲೆ ಏಸಿಯಲ್ಲಿ ಕಾದು ಗಂಟಲು ಒಣಗಿರುತ್ತದೆ. ಆಗ ಕೈಹಿಡಿಯುವುದು ಈ ಉಳಿಕೆಯೇ.

ಗಂಡು ಧ್ವನಿಯ ಹಾಡನ್ನು ಹುಡುಗಿ ಎತ್ತಿಕೊಂಡರೆ ಶ್ರುತಿಯನ್ನು ಸಾಮಾನ್ಯವಾಗಿ ನಾಲ್ಕೈದು ಸ್ವರಸ್ಥಾನವಾದರೂ (ಬಿಳಿ, ಕಪ್ಪು ಸೇರಿ ಅಕ್ಕಪಕ್ಕದ ಎರಡು ಕೀಲಿಗಳ ಅಂತರ ಒಂದು ಸ್ವರಸ್ಥಾನ) ಬದಲಿಸಬೇಕಾಗುತ್ತದೆ. ಮೊಬೈಲ್ ಆ್ಯಪಿನಲ್ಲಿ ಕರೋಕೆ ಟ್ರ್ಯಾಕನ್ನು ಎರಡು ಸ್ವರಸ್ಥಾನದವರೆಗೆ ಏರಿಸಿ ಇಳಿಸಬಹುದು. ಅದನ್ನು ಮೀರಿದರೆ ತಬಲಾ, ಕೊಳಲುಗಳ ನಾದ ತಗಡು ಬಡಿದಂತಾಗುತ್ತದೆ. ಕೀಬೋರ್ಡ್ ನುಡಿಸುವವರಿಂದ ಹೊಸ ಟ್ರ್ಯಾಕ್ ಮಾಡಿಸುವುದೇ ಮೇಲು.

ಸಮಯ ಸಿಗುವುದು ಹೆಚ್ಚೆಂದರೆ ಎರಡು ನಿಮಿಷ. ಪಲ್ಲವಿ, ಒಂದು ಚರಣ, ಮತ್ತೆ ಪಲ್ಲವಿ. ನಡುವಿನ ಬಿಜಿಎಂ (ಹಿನ್ನೆಲೆ ವಾದ್ಯಸಂಗೀತ) ಕತ್ತರಿಸುವಾಗ ತಾಳದ ಆವರ್ತ (ಒಂದು ಸುತ್ತು) ಮುಗಿಯುವಲ್ಲೇ ಕತ್ತರಿಸಬೇಕು: ಕೆಹರವಾ ತಾಳ ಆದರೆ 8 ಮಾತ್ರೆಗೆ (ಎಣಿಕೆಗೆ), ದಾದ್ರಾ ತಾಳ ಆದರೆ 6ಕ್ಕೆ. ನಡುವೆ ಕತ್ತರಿಸಿದರೆ ಸಮ (ಸುತ್ತಿನ ಮೊದಲ ಪೆಟ್ಟು) ತಪ್ಪಿ, ಮಗುವಿಗೆ ಚರಣದ ಎತ್ತುಗಡೆ ಸಿಗುವುದಿಲ್ಲ.

ಮೈಕನ್ನು ಬಾಯಿಂದ ಮೂರು ಬೆರಳು ದೂರ, ತುಸು ಓರೆಯಾಗಿ ಹಿಡಿಸುತ್ತೇನೆ. ನೇರ ಹಿಡಿದರೆ 'ಪ', 'ಬ'ಗಳ ಗಾಳಿ ಬಡಿಯುತ್ತದೆ. ಇನ್ನೂ ಹತ್ತಿರ ತಂದರೆ ಮಂದ್ರದ (ಕೆಳಗಿನ) ಸ್ವರಗಳು ಗುಂಯ್‌ಗುಟ್ಟುತ್ತವೆ. ತಾರಸ್ಥಾಯಿಗೆ (ಮೇಲಿನ ಸ್ವರಗಳಿಗೆ) ಹೋಗುವಾಗ ಇನ್ನಷ್ಟು ದೂರ ಸರಿಸಬೇಕು. ಇನ್-ಇಯರ್ ಮಾನಿಟರಿನಲ್ಲಿ (ಕಿವಿಯೊಳಗಿಡುವ ಪುಟ್ಟ ಸ್ಪೀಕರಿನಲ್ಲಿ) ತನ್ನ ಧ್ವನಿ ಕಡಿಮೆ ಕೇಳಿದರೆ ಮಗು ಕಿರುಚುತ್ತದೆ, ಜಾಸ್ತಿ ಕೇಳಿದರೆ ಮೆತ್ತಗಾಗಿ ಶ್ರುತಿ ಇಳಿಸುತ್ತದೆ. ರಿಹರ್ಸಲ್‌ನಲ್ಲೇ ಸೌಂಡ್ ಎಂಜಿನಿಯರನ್ನು ಕೇಳಿ ಸರಿಪಡಿಸಿಕೊಳ್ಳಬೇಕು: ತನ್ನ ಧ್ವನಿ, ಕೀಬೋರ್ಡ್, ತಾಳವಾದ್ಯ, ಇಷ್ಟು ಚೆನ್ನಾಗಿ ಕೇಳಿದರೆ ಸಾಕು.

ಇಷ್ಟರಿಂದ ಆಡಿಷನ್ ದಾಟಬಹುದು, ಕಲಾವಿದರಾಗುವುದಿಲ್ಲ. ಮೂಲ ಗಾಯಕರು ಉಸಿರೆಳೆದ ಜಾಗದಲ್ಲೇ ಉಸಿರೆಳೆದು, ಅವರ ಗಮಕವನ್ನೇ (ಸ್ವರದ ಓಲಾಟವನ್ನೇ) ಅಚ್ಚು ಹಾಕಿದ ಹಾಡಿಗೆ ಸ್ಟುಡಿಯೋದಲ್ಲಿ ಚಪ್ಪಾಳೆ ಬೀಳುತ್ತದೆ, ನಿಜ. ಆದರೆ ಹಿಂದೆ ಯಾರೂ ಹಾಡಿರದ ಹೊಸ ಸಾಹಿತ್ಯವನ್ನು ಕೈಗೆ ಕೊಟ್ಟರೆ ಆ ಮಗುವಿಗೆ ದಾರಿಯೇ ತೋಚದು. ಅದಕ್ಕಾಗಿ ನಾನು ಪ್ರತಿ ಹಾಡನ್ನೂ ರೆಕಾರ್ಡಿಂಗ್ ಕೇಳಿಸುವ ಮೊದಲು ಸಾಹಿತ್ಯವಾಗಿ ಓದಿಸುತ್ತೇನೆ. ಅರ್ಥ ಎಲ್ಲಿ ನಿಲ್ಲುತ್ತದೋ ಅಲ್ಲಿ ಪೆನ್ಸಿಲಿನಲ್ಲಿ ಗೆರೆ, ಉಸಿರು ಅಲ್ಲೇ. 'ಲ' 'ಳ', 'ಶ' 'ಷ', ಅಲ್ಪಪ್ರಾಣ ಮಹಾಪ್ರಾಣಗಳನ್ನು ಮಾತಿನಲ್ಲೇ ತಿದ್ದುತ್ತೇನೆ, ರಾಗದ ಒಳಗೆ ಸೇರಿದ ಮೇಲೆ ತಿದ್ದುವುದು ಕಷ್ಟ. ಈಟಿವಿ ಕನ್ನಡದ 'ಎದೆ ತುಂಬಿ ಹಾಡುವೆನು' ಕಾರ್ಯಕ್ರಮದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ಉಚ್ಚಾರವನ್ನು ತಿದ್ದುತ್ತಿದ್ದ ರೀತಿ ಇವತ್ತಿಗೂ ಪಾಠವೇ.

ಬಳಿಕ ಟ್ರ್ಯಾಕ್ ಪಕ್ಕಕ್ಕಿಟ್ಟು ಬರೀ ತಂಬೂರಿ ಶ್ರುತಿಗೆ, ಎಲ್ಲ ಚರಣಗಳನ್ನೂ ಹಾಡಿಸುತ್ತೇನೆ. ಶ್ರುತಿಯನ್ನು ಒಂದು ಸ್ವರಸ್ಥಾನ ಬದಲಿಸಿ ಮತ್ತೊಮ್ಮೆ. ತಬಲಾದವರೊಡನೆ ಕೂರಿಸಿ ಲಯ ತುಸು ನಿಧಾನಿಸಿದಾಗ, ಟ್ರ್ಯಾಕಿನ ಆಸರೆಯಲ್ಲೇ ಬೆಳೆದವರು ತಡವರಿಸುತ್ತಾರೆ. ಸ್ಪರ್ಧೆಗೆ ಇದೊಂದೂ ಬೇಕಿಲ್ಲ. ಎರಡು ಗಂಟೆಯ ಸುಗಮ ಸಂಗೀತ ಕಛೇರಿಗೆ ಇದಿಲ್ಲದೆ ಆಗದು. ಪೋಷಕರು ಅವಸರಪಟ್ಟರೂ ಈ ಹಂತವನ್ನು ನಾನು ಬಿಡುವುದಿಲ್ಲ.

ಗಂಡುಮಕ್ಕಳ ಧ್ವನಿ ಒಡೆಯುವ ಕಾಲದಲ್ಲಿ, ಅಂದಾಜು 12ರಿಂದ 15ರ ವಯಸ್ಸಿನಲ್ಲಿ, ಆಡಿಷನ್ನಿಗೆ ಕಳಿಸುವುದೇ ಇಲ್ಲ. ಹಳೆಯ ಶ್ರುತಿಯಲ್ಲೇ ತಾರಸ್ಥಾಯಿಗೆ ಎಳೆಸಿದರೆ ಗಂಟಲು ಬಿಗಿದು ಆ ಬಿಗಿತವೇ ಅಭ್ಯಾಸವಾಗುತ್ತದೆ. ಆಗ ಶ್ರುತಿ ಇಳಿಸಿ, ಮಧ್ಯಸ್ಥಾಯಿಯಲ್ಲಷ್ಟೇ ಸರಳೆ ವರಸೆ (ಆರಂಭದ ಸ್ವರಪಾಠ), ಮೆಲುದನಿಯಲ್ಲಿ ಹದಿನೈದು ನಿಮಿಷ. ಮಿಕ್ಕ ಹೊತ್ತು ಕೇಳ್ಮೆ, ತಾಳ, ಸಾಹಿತ್ಯ. ಒಡಕು ನಿಂತ ಮೇಲೆ ಹೊಸ ಶ್ರುತಿ ಯಾವುದೆಂದು ಮತ್ತೆ ಹಾರ್ಮೋನಿಯಂ ಹಿಡಿದು ನೋಡುತ್ತೇವೆ.