ಅಂಬಾಸಿಡರ್‌ನ ಹಳೆ ಸೆಲ್ಫ್ ಮೋಟರ್ ಎಸೆಯಲಿಲ್ಲ, ಗೆದ್ದೆ

ದೇವಿಮನೆ ಘಾಟ್ ಹತ್ತಿ, ಕಾದ ಎಂಜಿನ್ ಆಫ್ ಮಾಡಿ, ಐದು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ನನ್ನ 1978ರ ಮಾರ್ಕ್ 3 ಅಂಬಾಸಿಡರ್ ಈಗ ಒಂದೇ ಏಟಿಗೆ ಸ್ಟಾರ್ಟ್ ಆಗುತ್ತದೆ. ಹೋದ ವರ್ಷ ಇದೇ ಜಾಗದಲ್ಲಿ ಬರೀ 'ಟಕ್' ಅನ್ನುತ್ತಿತ್ತು. ಹ್ಯಾಂಡಲ್ ಹಾಕಿ ತಿರುಗಿಸದೆ ಬೇರೆ ದಾರಿ ಇರಲಿಲ್ಲ.

ಕಾರವಾರದಲ್ಲಿ ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು. ಹಳೆ ಮೋಟರ್ ಗುಜರಿಗೆ ಹಾಕಿ, ಹೊಸ ನಮೂನೆಯ ಗೇರ್ ರಿಡಕ್ಷನ್ ಮೋಟರ್ ಕೂರಿಸಿ. ಏಳೆಂಟು ಸಾವಿರ, ಮೇಲೆ ಬ್ರಾಕೆಟ್ ಕೆಲಸ ಬೇರೆ. ಬ್ಯಾಟರಿ ಮಾರುವವರಿಗಂತೂ ಬ್ಯಾಟರಿಯೇ ಕಾರಣ. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ. ಬೆಳಿಗ್ಗೆ ತಣ್ಣಗಿದ್ದಾಗ ಚೆನ್ನಾಗಿ ತಿರುಗುವ ಮೋಟರ್ ಬಿಸಿಯಾದ ಮೇಲೆ ಯಾಕೆ ಹಿಡಿಯಬೇಕು, ಅಲ್ವಾ?

ಮೊದಲು ಮೀಟರ್ ಹಿಡಿದೆ. ಎಂಜಿನ್ ಹೊತ್ತದಂತೆ ಕಾಯಿಲ್ ವೈರ್ ಕಳಚಿಟ್ಟು ಮಗನ ಕೈಲಿ ಸೆಲ್ಫ್ ಹೊಡೆಸಿದೆ. ಬ್ಯಾಟರಿ ಕಂಬಗಳ (ಟರ್ಮಿನಲ್) ನಡುವೆ ಹತ್ತು ವೋಲ್ಟ್ ಚಿಲ್ಲರೆ ನಿಂತಿತು, ಅಂದರೆ ಬ್ಯಾಟರಿ ಸರಿ ಇದೆ. ಆದರೆ ಬ್ಯಾಟರಿಯ ಅರ್ತ್ ಕಂಬದಿಂದ ಎಂಜಿನ್ ಬ್ಲಾಕ್‌ಗೆ ಅಳೆದರೆ ಹತ್ತಿರ ಹತ್ತಿರ ಒಂದು ವೋಲ್ಟ್! ಅಲ್ಲಿ ಕಾಲು ವೋಲ್ಟ್ ದಾಟಿದರೇ ಜಾಸ್ತಿ. ಎಂಜಿನ್‌ನಿಂದ ಕಾರಿನ ಬಾಡಿ ಕಡೆಗೆ ಹೋಗುವ ಹೆಣೆದ ತಾಮ್ರದ ಪಟ್ಟಿಯನ್ನು ಬಿಚ್ಚಿ ಮಡಚಿದೆ. ಒಳಗಿಂದ ಹಸಿರು ಪುಡಿ ಉದುರಿತು. ನಮ್ಮ ಉಪ್ಪುಗಾಳಿಯ ಕೆಲಸ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ದಪ್ಪ ಕೇಬಲ್ ತಂದು, ಬಾಡಿಯ ಪೇಂಟ್ ಕೆರೆದು ಬಿಗಿದೆ. ಮುನ್ನೂರು ಮುನ್ನೂರೈವತ್ತು ರೂಪಾಯಿ ಆಗಿರಬೇಕು. ಅರ್ಧ ತೊಂದರೆ ಅಲ್ಲೇ ಹೋಯಿತು.

ಉಳಿದರ್ಧಕ್ಕೆ ಮೋಟರ್ ಇಳಿಸಿದೆ. ಆರ್ಮೇಚರ್ (ಮೋಟರ್ ಒಳಗೆ ತಿರುಗುವ ಭಾಗ) ಮೈಮೇಲೆ ಒಂದು ಕಡೆ ಕನ್ನಡಿಯಂತೆ ಹೊಳೆಯುವ ಉಜ್ಜಿದ ಗುರುತು. ಅದರ ಅಚ್ಚು ಕೂರುವ ಬುಶ್ ಸವೆದು, ಆರ್ಮೇಚರ್ ಸುತ್ತಲಿನ ಕಬ್ಬಿಣದ ಪೋಲ್ ಶೂಗೆ ತಾಗುತ್ತಿತ್ತು. ಬಿಸಿಗೆ ಇನ್ನೂ ಬಿಗಿಯುತ್ತದೆ, ಕರೆಂಟ್ ಎಳೆಯುತ್ತದೆ. ಹಿಂದೆ ಒಂದು ಅಂಗಡಿಯಲ್ಲಿ ಕಾರ್ಬನ್ (ಆರ್ಮೇಚರ್‌ಗೆ ಕರೆಂಟ್ ಕೊಡುವ ಬ್ರಷ್) ಹಾಕಿಸಿದ್ದೆ, ಅದೂ ಕಳಚಿತ್ತು. ಈ ಮೋಟರ್‌ನ ಫೀಲ್ಡ್ ಕಾಯಿಲ್, ಅಂದರೆ ಮೈಯೊಳಗಿನ ಸುತ್ತು, ಅಲ್ಯೂಮಿನಿಯಂ, ಅದಕ್ಕೆ ಸೋಲ್ಡರ್ ಹಿಡಿಯುವುದಿಲ್ಲ. ಹಳೆ ಕಾರ್ಬನ್‌ನ ತಾಮ್ರದ ಬಾಲವನ್ನು ಅರ್ಧ ಇಂಚು ಉಳಿಸಿ ಕತ್ತರಿಸಿ, ಆ ಬಾಲಕ್ಕೇ ಹೊಸದನ್ನು ಬೆಸೆಯಬೇಕು. ಅವರು ಬುಡಕ್ಕೇ ಅಂಟಿಸಿದ್ದರು. ಆ ಅಂಗಡಿಗೆ ಕೊಟ್ಟ ಒಂಬೈನೂರು ನೀರಿಗೆ ಬಿತ್ತು.

ಹುಬ್ಬಳ್ಳಿಯ ಗುಜರಿಯಲ್ಲಿ ಇದೇ ಜಾತಿಯ ಇನ್ನೊಂದು ಮೋಟರ್ ಸಿಕ್ಕಿತು. ಎರಡು ಸಾವಿರ ಹೇಳಿದರು, ಸಾವಿರದ ಇನ್ನೂರಕ್ಕೋ ಮುನ್ನೂರಕ್ಕೋ ಬಂತು. ಅದರ ಆರ್ಮೇಚರ್, ನನ್ನದರ ಫೀಲ್ಡ್ ಮತ್ತು ಮೈ. ಎರಡು ಸೇರಿ ಒಂದು. ಕಮ್ಯುಟೇಟರ್‌ಗೆ (ಆರ್ಮೇಚರ್‌ನಲ್ಲಿ ಕಾರ್ಬನ್ ಉಜ್ಜುವ ತಾಮ್ರದ ಭಾಗ) ಲೇತ್‌ನಲ್ಲಿ ತೆಳುವಾಗಿ ಒಂದು ಕಟ್ ಕೊಡಿಸಿದೆ. ಲೇತಿನವರು ಅಭ್ಯಾಸಬಲದಿಂದ ತಾಮ್ರದ ಪಟ್ಟಿಗಳ ನಡುವಿನ ಮೈಕಾ ಕೆರೆಯಲು ಗರಗಸದ ಬ್ಲೇಡ್ ಎತ್ತಿಕೊಂಡರು, ತಡೆದೆ. ಡೈನಮೋಗೆ ಕೆರೆಯಬೇಕು, ಈ ಮೋಟರ್‌ಗೆ ಕೆರೆಯಬಾರದು.

ಬುಶ್ ವಿಷಯ ಸ್ವಲ್ಪ ಹೇಳಲೇಬೇಕು. ಇದು ಎಣ್ಣೆ ಕುಡಿಯುವ ಕಂಚಿನ ಬುಶ್. ಒಂದಿಡೀ ದಿನ ಎಂಜಿನ್ ಆಯಿಲ್‌ನಲ್ಲಿ ನೆನೆಸಿಡುವುದು ಪದ್ಧತಿ. ನಾನು ಇನ್ನೊಂದು ಬುಶ್‌ನಲ್ಲಿ ಬೇರೆ ಥರ ಮಾಡಿ ನೋಡಿದೆ. ಒಂದು ಬಾಯಿಯನ್ನು ಹೆಬ್ಬೆರಳಿಂದ ಮುಚ್ಚಿ, ಒಳಗೆ ಎಣ್ಣೆ ತುಂಬಿ, ಇನ್ನೊಂದು ಬಾಯಿಯನ್ನು ತೋರುಬೆರಳಿಂದ ಅಮುಕಿದೆ. ಸ್ವಲ್ಪ ಹೊತ್ತಿಗೆ ಹೊರಮೈಮೇಲೆ ಸಣ್ಣ ಸಣ್ಣ ಎಣ್ಣೆ ಹನಿ ಬೆವರಿದವು. ಅಷ್ಟಾದರೆ ಸಾಕು, ನೆನೆಸಿಟ್ಟು ಕಾಯಬೇಕಿಲ್ಲ. ಬುಶ್ ಕೂರಿಸಿದ ಮೇಲೆ ರೀಮರ್ ಹಾಕಿ ಒಳಗೆ ಕೆರೆಯಬೇಡಿ, ಎಣ್ಣೆ ಬರುವ ತೂತು ಮುಚ್ಚಿಹೋಗುತ್ತದೆ. ನಾನು ಅಳತೆಗೆ ಸರಿಯಾಗಿ ಕೂರಿಸುವ ಉಪಾಯ ಒಂದಿದೆ, ಅದು ನನ್ನ ಹತ್ತಿರವೇ ಇರಲಿ.

ಬೆಂಡಿಕ್ಸ್‌ಗೆ, ಅಂದರೆ ಮೋಟರ್‌ನ ಹಲ್ಲನ್ನು ಎಂಜಿನ್‌ಗೆ ಸಿಕ್ಕಿಸುವ ಭಾಗಕ್ಕೆ, ಮಾತ್ರ ಎಣ್ಣೆ, ಗ್ರೀಸ್ ಏನೂ ಬೇಡ. ಹಚ್ಚಿದರೆ ಕ್ಲಚ್ಚಿನ ಧೂಳು ಅಂಟಿ, ಪಿನಿಯನ್ (ಸಣ್ಣ ಹಲ್ಲಿನ ಚಕ್ರ) ಸ್ಕ್ರೂ ಮೇಲೆ ಓಡುವುದೇ ಇಲ್ಲ. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿದರೆ ಸಾಕು.

ಇದರ ಜೊತೆಗೆ, ಉಪ್ಪುಗಾಳಿಗೆ ಯಾವುದು ತಡೆಯುತ್ತದೆ ನೋಡೋಣ ಅಂತ ಸುಮ್ನೆ ಒಂದು ಪ್ರಯೋಗ ಮಾಡಿದೆ. ಹಿತ್ತಾಳೆ ಟರ್ಮಿನಲ್ ಮೂರು ತೆಗೆದುಕೊಂಡು ಒಂದಕ್ಕೆ ವ್ಯಾಸಲೀನ್, ಒಂದಕ್ಕೆ ಗ್ರೀಸ್, ಒಂದಕ್ಕೆ ತೆಂಗಿನೆಣ್ಣೆ ಹಚ್ಚಿ ಮಳೆಗಾಲಪೂರ್ತಿ ತಾರಸಿಯಲ್ಲಿಟ್ಟೆ. ತೆಂಗಿನೆಣ್ಣೆಯದ್ದು ಮೊದಲು ಹಸಿರಾಯಿತು. ವ್ಯಾಸಲೀನ್ ಗೆದ್ದಿತು.

ಎಲ್ಲ ಸೇರಿ ಖರ್ಚು ಎರಡೂವರೆ ಸಾವಿರದ ಒಳಗೇ. ಬೇಡ ಅಂದವರಲ್ಲಿ ಇಬ್ಬರು ಈಗ ತಮ್ಮ ಮೋಟರ್ ತಂದು ನನ್ನ ಅಂಗಳದಲ್ಲಿಟ್ಟಿದ್ದಾರೆ.

ಬಾಕಿ ಇರುವುದು ಫ್ಲೈವೀಲ್ ರಿಂಗ್, ಅಂದರೆ ಆ ಪಿನಿಯನ್ ಕಚ್ಚಿ ತಿರುಗಿಸುವ ಹಲ್ಲಿನ ಬಳೆ. ನಾಲ್ಕು ಸಿಲಿಂಡರ್ ಎಂಜಿನ್ ಆಫ್ ಆದಾಗ ಹೆಚ್ಚಾಗಿ ಎದುರುಬದುರಿನ ಎರಡೇ ಜಾಗದಲ್ಲಿ ನಿಲ್ಲುತ್ತದೆ, ಹಲ್ಲೂ ಅಲ್ಲೇ ಸವೆದಿದೆ. ಮುಂದೆ ಕ್ಲಚ್‌ಗೆ ಗೇರ್‌ಬಾಕ್ಸ್ ಇಳಿಸಿದಾಗ ರಿಂಗ್ ಕಾಯಿಸಿ ತೆಗೆದು, ಕಾಲು ಸುತ್ತು ತಿರುಗಿಸಿ ಮತ್ತೆ ಕೂರಿಸುತ್ತೇನೆ. ಹೊಸ ರಿಂಗ್ ಕೊಳ್ಳುವ ಮಾತೇ ಇಲ್ಲ.